ದೇವರ ಹೆಸರು, ಸಂವಿಧಾನದ ನಿಷ್ಠೆ: ಪ್ರಮಾಣವಚನ ನಡೆಯುವುದು ಹೀಗೆ

2023ರ ಮೇ 20ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹೊಸ ಸಚಿವ ಸಂಪುಟ ಅಧಿಕಾರ ವಹಿಸಿಕೊಂಡಿತು. ಉಪಮುಖ್ಯಮಂತ್ರಿಯಾಗಿ ಡಿ.ಕೆ. ಶಿವಕುಮಾರ್ ಪ್ರಮಾಣವಚನ ಸ್ವೀಕರಿಸಿದ್ದು ಗಂಗಾಧರ ಅಜ್ಜನ, ಅಂದರೆ ಅಜ್ಜಯ್ಯನ, ಹೆಸರಿನಲ್ಲಿ. ಶಿವಕುಮಾರ್ ನಡೆದುಕೊಳ್ಳುವ ಕಾಡಸಿದ್ದೇಶ್ವರ ಮಠ ಇರುವುದು ನಮ್ಮ ತುಮಕೂರು ಜಿಲ್ಲೆಯಲ್ಲೇ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಅದೇ ವೇದಿಕೆಯಲ್ಲಿ ಸತೀಶ ಜಾರಕಿಹೊಳಿ ಬುದ್ಧ, ಬಸವ, ಅಂಬೇಡ್ಕರ್ ಹೆಸರು ಹೇಳಿದರು. ಅದಕ್ಕೂ ಐದು ವರ್ಷ ಮೊದಲು, 2018ರ ಮೇ 17ರಂದು, ಬಿ.ಎಸ್. ಯಡಿಯೂರಪ್ಪ ದೇವರು ಮತ್ತು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿದ್ದರು.

ಇಂಥ ಸಮಾರಂಭ ಮುಗಿದ ಮೇಲೆ ಹೋಟೆಲಿನಲ್ಲಿ, ಬಸ್ಸಿನಲ್ಲಿ ಒಂದು ಚರ್ಚೆ ಎದ್ದೇ ಏಳುತ್ತದೆ. ಹೀಗೆ ಅವರವರಿಗೆ ಬೇಕಾದ ಹೆಸರು ಹೇಳಬಹುದೇ? ಸರ್ಕಾರಕ್ಕೆ ಧರ್ಮವಿಲ್ಲ ಎಂದ ಮೇಲೆ ಸರ್ಕಾರಿ ಪ್ರಮಾಣದಲ್ಲಿ ದೇವರು ಏಕೆ ಬಂದ? ದೇವರನ್ನು ನಂಬದವರು ಏನು ಮಾಡಬೇಕು? ಇವು ಮಂತ್ರಿಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಗಳಲ್ಲ. ಜಮೀನಿನ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ಕುಣಿಗಲ್ ಕೋರ್ಟಿನ ಕಟಕಟೆ ಹತ್ತುವ ರೈತರೂ ಇದೇ ಮಾತನ್ನು ಹೇಳಬೇಕಾಗುತ್ತದೆ.

ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಪ್ರಮಾಣವಚನದ ನಮೂನೆಗಳಿವೆ. ಕೇಂದ್ರದ ಮಂತ್ರಿ, ರಾಜ್ಯದ ಮಂತ್ರಿ, ಸಂಸದ, ಶಾಸಕ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು, ಮಹಾಲೇಖಪಾಲರು, ಹೀಗೆ ಒಬ್ಬೊಬ್ಬರಿಗೂ ಅವರವರ ಹುದ್ದೆಗೆ ತಕ್ಕ ಮಾತು. ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲರ ಪ್ರಮಾಣ ಮಾತ್ರ ಆಯಾ ವಿಧಿಯೊಳಗೇ ಇದೆ. ಈ ಎಲ್ಲ ನಮೂನೆಗಳಲ್ಲೂ ಒಂದು ಕಡೆ ಗೆರೆ ಎಳೆದು ಮೇಲೊಂದು ಕೆಳಗೊಂದು ಮಾತು ಅಚ್ಚಾಗಿದೆ: ಮೇಲೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ ಎಂಬುದು, ಕೆಳಗೆ ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ ಎಂಬುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಪ್ರಮಾಣ ಮಾಡುವವರಿಗೆ ಬಿಟ್ಟದ್ದು. ಯಾಕೆ ಇದು, ಯಾಕೆ ಅದಲ್ಲ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಎರಡಕ್ಕೂ ಕಾನೂನಿನಲ್ಲಿ ಒಂದೇ ತೂಕ.

ಮೂರನೇ ಅನುಸೂಚಿಯಲ್ಲಿರುವ ಹುದ್ದೆಗಳ ಪ್ರಮಾಣದಲ್ಲಿ ಒಂದು ಮಾತು ಮಾತ್ರ ಎಲ್ಲರಿಗೂ ಒಂದೇ. ಭಾರತದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ದೇಶದ ಸಾರ್ವಭೌಮತೆಯನ್ನೂ ಅಖಂಡತೆಯನ್ನೂ ಎತ್ತಿ ಹಿಡಿಯುತ್ತೇನೆ ಎಂದು ಹೇಳಲೇಬೇಕು. (ಸಾರ್ವಭೌಮತೆಯ ಮಾತು ಸೇರಿದ್ದು 1963ರ ಹದಿನಾರನೇ ತಿದ್ದುಪಡಿಯಿಂದ.) ಮಂತ್ರಿಗಳ ಪ್ರಮಾಣಕ್ಕೆ ಇನ್ನೂ ಒಂದು ಭಾಗವಿದೆ. ಭಯವಾಗಲಿ ಪಕ್ಷಪಾತವಾಗಲಿ ಇಲ್ಲದೆ, ಒಲವಾಗಲಿ ಹಗೆಯಾಗಲಿ ಇಲ್ಲದೆ, ಸಂವಿಧಾನ ಮತ್ತು ಕಾನೂನಿನ ಪ್ರಕಾರ ಎಲ್ಲ ಬಗೆಯ ಜನರಿಗೂ ನ್ಯಾಯವಾಗಿ ನಡೆದುಕೊಳ್ಳುತ್ತೇನೆ ಎಂಬುದು. ಶಾಸಕರ ಪ್ರಮಾಣದಲ್ಲಿ ಈ ಮಾತಿಲ್ಲ. ಶಾಸಕರಿಗೆ ಒಂದು ಪಕ್ಷ, ಒಂದು ಕ್ಷೇತ್ರ ಇರಬಹುದು. ಮಂತ್ರಿಯಾದ ದಿನದಿಂದ ಕಡತದ ಮುಂದೆ ಎಲ್ಲರೂ ಸಮಾನರು. ಇಡೀ ಸಮಾರಂಭದಲ್ಲಿ ನಾವು ಗಮನ ಕೊಟ್ಟು ಕೇಳಬೇಕಾದ ಮಾತು ಇದೇ ಎಂದು ನನ್ನ ನಂಬಿಕೆ. ಆದರೆ ಮರುದಿನದ ಪತ್ರಿಕೆಯಲ್ಲಿ ಯಾರು ಯಾವ ದೇವರ ಹೆಸರು ಹೇಳಿದರು ಎಂಬುದೇ ದಪ್ಪಕ್ಷರದಲ್ಲಿ ಬರುತ್ತದೆ.

ಪ್ರಮಾಣವಚನ ಶುರುವಾಗುವುದು ವಿಧಾನಸೌಧದಲ್ಲಿ ಅಲ್ಲ, ತಾಲ್ಲೂಕಿನಲ್ಲಿ. ವಿಧಾನಸಭೆ ಚುನಾವಣೆಗೆ ನಾಮಪತ್ರ ಹಾಕಿದ ಪ್ರತಿಯೊಬ್ಬ ಅಭ್ಯರ್ಥಿಯೂ ಚುನಾವಣಾಧಿಕಾರಿ ಅಥವಾ ಸಹಾಯಕ ಚುನಾವಣಾಧಿಕಾರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಸಂವಿಧಾನದ 173ನೇ ವಿಧಿ ಹೇಳುವುದು ಇದನ್ನೇ. ತುಮಕೂರು ಜಿಲ್ಲೆಯಲ್ಲಿ ಹನ್ನೊಂದು ವಿಧಾನಸಭಾ ಕ್ಷೇತ್ರಗಳಿವೆ. ಗುಬ್ಬಿಯಲ್ಲಾಗಲಿ, ಕುಣಿಗಲ್‌ನಲ್ಲಾಗಲಿ, ತುಮಕೂರು ನಗರದಲ್ಲಾಗಲಿ ಗೆದ್ದವರಷ್ಟೇ ಅಲ್ಲ, ಠೇವಣಿ ಕಳೆದುಕೊಂಡ ಪಕ್ಷೇತರರೂ ಸಂವಿಧಾನಕ್ಕೆ ನಿಷ್ಠೆಯ ಮಾತು ಕೊಟ್ಟವರೇ.

ಇಲ್ಲಿ ಒಂದು ಎಚ್ಚರ ಬೇಕು. ನಾಮಪತ್ರ ಸಲ್ಲಿಸಿದ ಮೇಲೆಯೇ ಈ ಪ್ರಮಾಣ ಮಾಡಬೇಕು, ಪರಿಶೀಲನೆಯ ದಿನಕ್ಕೆ ಮೊದಲೇ ಅದು ಮುಗಿದಿರಬೇಕು. ಪರಿಶೀಲನೆಯ ದಿನ ಬೆಳಿಗ್ಗೆ ಬಂದು ಮಾಡುತ್ತೇನೆ ಎಂದರೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ತಪ್ಪಿದರೆ ನಾಮಪತ್ರ ತಿರಸ್ಕೃತ. ಜೈಲಿನಲ್ಲಿರುವ ಅಭ್ಯರ್ಥಿ ಜೈಲು ಅಧೀಕ್ಷಕರ ಮುಂದೆ, ಆಸ್ಪತ್ರೆಯಲ್ಲಿ ಮಲಗಿರುವವರು ಅಲ್ಲಿನ ವೈದ್ಯಾಧಿಕಾರಿಯ ಮುಂದೆ ಮಾಡಬಹುದು. ದೇವರ ಹೆಸರು ಅಥವಾ ಸತ್ಯನಿಷ್ಠೆ ಎಂಬ ಆಯ್ಕೆ ಇಲ್ಲೂ ಇದೆ. ಛಾಪಿಸಿದ ಹಾಳೆಯಲ್ಲಿ ಬೇಡವಾದ ಮಾತಿನ ಮೇಲೆ ಗೆರೆ ಹೊಡೆದರಾಯಿತು.

ಇದೇ ಅಭ್ಯರ್ಥಿ ಅಲ್ಲಿಂದ ಹೊರಗೆ ಬಂದು ಪ್ರಚಾರದ ಜೀಪು ಹತ್ತಿದರೆ ನಿಯಮವೇ ಬೇರೆ. ಪ್ರಮಾಣದಲ್ಲಿ ದೇವರ ಹೆಸರು ಹೇಳಬಹುದು, ಆದರೆ ಧರ್ಮದ ಹೆಸರಿನಲ್ಲಿ ಮತ ಕೇಳುವಂತಿಲ್ಲ. ಜನಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನ ಪ್ರಕಾರ ಅದು ಚುನಾವಣಾ ಭ್ರಷ್ಟಾಚಾರ. ಅಭ್ಯರ್ಥಿಯ ಧರ್ಮ, ಜಾತಿ, ಭಾಷೆ ಮಾತ್ರವಲ್ಲ, ಮತದಾರರ ಧರ್ಮ, ಜಾತಿ, ಭಾಷೆ ಹಿಡಿದು ಕೇಳಿದರೂ ತಪ್ಪು ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು ಮೂರರ ಬಹುಮತದಿಂದ ತೀರ್ಪಿತ್ತಿದೆ. ನಾನು ಕೊಟ್ಟ ಮಾತಿಗೆ ನನ್ನ ದೇವರು ಸಾಕ್ಷಿ ಎನ್ನುವುದು ಬೇರೆ, ನಿನ್ನ ದೇವರಿಗಾಗಿ ನನಗೆ ಮತ ಹಾಕು ಎನ್ನುವುದು ಬೇರೆ. ನಮ್ಮ ಕಾನೂನು ಗೆರೆ ಎಳೆದಿರುವುದು ಈ ಎರಡರ ನಡುವೆ.

ಗೆದ್ದ ಮೇಲೆ ಎರಡನೇ ಪ್ರಮಾಣ. ರಾಜ್ಯಪಾಲರು ನೇಮಿಸಿದ ಹಂಗಾಮಿ ಸಭಾಧ್ಯಕ್ಷರು ಇದನ್ನು ಬೋಧಿಸುತ್ತಾರೆ. 2023ರಲ್ಲಿ ಆ ಕೆಲಸ ಮಾಡಿದವರು ಆರ್.ವಿ. ದೇಶಪಾಂಡೆ. ಸದಸ್ಯರು ಒಬ್ಬೊಬ್ಬರಾಗಿ ಬಂದು ನಮೂನೆ ಓದಿ, ಪುಸ್ತಕದಲ್ಲಿ ಸಹಿ ಹಾಕಿ, ಆಮೇಲೆ ತಮ್ಮ ಜಾಗದಲ್ಲಿ ಕೂರಬೇಕು. ಹಾಗೆ ಮಾಡದೆ ಸದನದಲ್ಲಿ ಕುಳಿತರೆ ಅಥವಾ ಮತ ಹಾಕಿದರೆ 193ನೇ ವಿಧಿಯ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ. 1950ರಲ್ಲಿ ಅದು ದೊಡ್ಡ ಮೊತ್ತವೇ, ಇವತ್ತಿಗೂ ಅಷ್ಟೇ ಉಳಿದಿದೆ. ಮಂತ್ರಿಯಾದರೆ ಮತ್ತೆರಡು ಪ್ರಮಾಣ, ಒಂದು ಅಧಿಕಾರದ್ದು, ಇನ್ನೊಂದು ಗೋಪ್ಯತೆಯದ್ದು. ಅವನ್ನು ಬೋಧಿಸುವವರು ರಾಜ್ಯಪಾಲರು.

ಈ ದೇವರ ಹೆಸರು ಸಂವಿಧಾನಕ್ಕೆ ಸುಮ್ಮನೆ ಬಂದು ಕೂತದ್ದಲ್ಲ. ಕರಡಿನಲ್ಲಿ ರಾಷ್ಟ್ರಪತಿಯ ಪ್ರಮಾಣದಲ್ಲಿ ದೇವರ ಉಲ್ಲೇಖ ಇರಲಿಲ್ಲ. 1948ರ ಡಿಸೆಂಬರ್ ಕೊನೆಯಲ್ಲಿ ಸಂವಿಧಾನ ಸಭೆಯಲ್ಲಿ ಚರ್ಚೆ ಬಂದಾಗ ಎಚ್.ವಿ. ಕಾಮತ್, ಮಹಾವೀರ ತ್ಯಾಗಿ ಮುಂತಾದವರು ದೇವರ ಹೆಸರು ಬೇಕೆಂದು ತಿದ್ದುಪಡಿ ತಂದರು. ಕೊನೆಗೆ ನಂಬುವವರಿಗೆ ಒಂದು, ನಂಬದವರಿಗೆ ಇನ್ನೊಂದು ಎಂಬ ಈಗಿನ ರೂಪ ಒಪ್ಪಿಗೆಯಾಯಿತು. ಹರಿ ವಿಷ್ಣು ಕಾಮತ್ ಹುಟ್ಟಿದ್ದು ಮಂಗಳೂರಿನಲ್ಲಿ. ಐ.ಸಿ.ಎಸ್. ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕಿಳಿದು, ಮಧ್ಯಪ್ರಾಂತ್ಯದಿಂದ ಸಂವಿಧಾನ ಸಭೆಗೆ ಹೋದವರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯೇ ದೇವರ ಹೆಸರಿನಿಂದ ಆರಂಭವಾಗಬೇಕೆಂದು ಪಟ್ಟು ಹಿಡಿದರು. ದೇವರನ್ನು ಮತಕ್ಕೆ ಹಾಕಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ನಂಬಿಕೆ, ಆರಾಧನೆಯ ಸ್ವಾತಂತ್ರ್ಯ ಕೊಡುತ್ತೇವೆ ಎನ್ನುವ ಪ್ರಸ್ತಾವನೆಯಲ್ಲೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರಿದಂತಾಗುತ್ತದೆ ಎಂದು ಹೃದಯನಾಥ ಕುಂಜ್ರು ವಾದಿಸಿದರು. ಕಾಮತರು ಹಿಂದೆ ಸರಿಯಲಿಲ್ಲ, ಮತಕ್ಕೆ ಹಾಕಿಯೇ ಆಯಿತು. ಪರ 41, ವಿರೋಧ 68. ಹಾಗಾಗಿ ನಮ್ಮ ಪ್ರಸ್ತಾವನೆ ಭಾರತದ ಜನತೆಯಾದ ನಾವು ಎಂದೇ ಶುರುವಾಗುತ್ತದೆ.

ಈ ಎರಡು ನಿರ್ಧಾರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಪ್ರಸ್ತಾವನೆಯಲ್ಲಿ ಮಾತಾಡುವುದು ಇಡೀ ದೇಶ, ಅಲ್ಲಿ ದೇವರು ಬೇಡ ಎಂದರು. ಪ್ರಮಾಣದಲ್ಲಿ ಮಾತಾಡುವುದು ಒಬ್ಬ ವ್ಯಕ್ತಿ, ಅಲ್ಲಿ ಅವರ ಮನಸ್ಸಾಕ್ಷಿಗೆ ಬಿಟ್ಟರು. ನಂಬಿಕೆಯನ್ನು ಅಪಮಾನಿಸದೆ, ನಂಬದವರನ್ನು ಹೊರಗಿಡದೆ ಮಾಡಿದ ಈ ಏರ್ಪಾಡನ್ನು ನಾನು ಬಹಳ ಗೌರವಿಸುತ್ತೇನೆ.

ಬೇರೆ ದೇಶಗಳಲ್ಲಿ ಈ ಹಾದಿ ಇಷ್ಟು ಸಲೀಸಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ 1880ರಲ್ಲಿ ಗೆದ್ದ ಚಾರ್ಲ್ಸ್ ಬ್ರಾಡ್ಲಾ ನಾಸ್ತಿಕರು. ದೇವರ ಹೆಸರಿಲ್ಲದೆ ದೃಢೀಕರಿಸುತ್ತೇನೆ ಎಂದರೆ ಒಪ್ಪಲಿಲ್ಲ, ಹೋಗಲಿ ಪ್ರಮಾಣವನ್ನೇ ಮಾಡುತ್ತೇನೆ ಎಂದರೂ ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲ ಎಂದು ತಡೆದರು. ಕ್ಷೇತ್ರದ ಜನ ಅವರನ್ನೇ ಮತ್ತೆ ಮತ್ತೆ ಆರಿಸಿ ಕಳಿಸಿದರು. ಸದನದಲ್ಲಿ ಕೂರಲು ಅವಕಾಶ ಸಿಕ್ಕಿದ್ದು 1886ರಲ್ಲಿ. ಬೇಡವಾದವರು ದೃಢೀಕರಿಸಬಹುದು ಎಂಬ ಕಾನೂನು ಬಂದದ್ದು 1888ರಲ್ಲಿ, ಅವರ ಪ್ರಯತ್ನದಿಂದಲೇ. ಮರುವರ್ಷ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಅವರು ಬಂದಿದ್ದರು. ಅಮೆರಿಕದ ಸಂವಿಧಾನ ಬರೆದಿರುವ ಅಧ್ಯಕ್ಷರ ಪ್ರಮಾಣದಲ್ಲಿ ದೇವರ ಹೆಸರೇ ಇಲ್ಲ. ಕೊನೆಗೆ ದೇವರ ನೆರವು ಕೋರುವ ಮಾತು ಅಲ್ಲಿ ರೂಢಿಯಿಂದ ಬಂದದ್ದು. ಯಾವುದೇ ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇಡುವಂತಿಲ್ಲ ಎಂದೂ ಆ ಸಂವಿಧಾನದಲ್ಲೇ ಇದೆ.

ಅಮೆರಿಕದವರು ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಇದೆ ಎನ್ನುತ್ತಾರೆ. ನಮ್ಮಲ್ಲಿ ಅಂಥ ಗೋಡೆಯನ್ನು ಹುಡುಕಿದರೆ ಸಿಗದು. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರ ದೇವಸ್ಥಾನವನ್ನೇ ನೋಡಿ. ಅದು ಮುಜರಾಯಿಗೆ ಸೇರಿದ್ದು, ಅಂದರೆ ಧಾರ್ಮಿಕ ದತ್ತಿ ಇಲಾಖೆಯ ಅಧೀನದಲ್ಲಿದೆ. ಅಲ್ಲಿನ ಹುಂಡಿ, ದಾಸೋಹ, ಆಡಳಿತದ ಲೆಕ್ಕ ನೋಡುವುದು ಸರ್ಕಾರ ನೇಮಿಸುವ ಕಾರ್ಯನಿರ್ವಹಣಾಧಿಕಾರಿ. ಹಳ್ಳಿಯ ಸಣ್ಣ ಮುಜರಾಯಿ ಗುಡಿಗಳ ಅರ್ಚಕರಿಗೆ ತಸ್ತೀಕ್ ಹಣ ಹೋಗುವುದು ತಾಲ್ಲೂಕು ಕಚೇರಿಯ ಮೂಲಕ. ಚುನಾವಣೆ ಬಂದಾಗ ಸಹಾಯಕ ಚುನಾವಣಾಧಿಕಾರಿಯಾಗಿ ಅಭ್ಯರ್ಥಿಗೆ ಪ್ರಮಾಣ ಬೋಧಿಸುವ ತಹಶೀಲ್ದಾರರೇ ಉಳಿದ ದಿನ ಗುಡಿಯ ಕಡತಕ್ಕೂ ಸಹಿ ಹಾಕುತ್ತಾರೆ. ಹಾಗಾದರೆ ಬೇರ್ಪಡಿಕೆ ಎಲ್ಲಿದೆ? ಅದಕ್ಕೆ ಉತ್ತರ ಸಿಕ್ಕಿದ್ದೂ ಕರ್ನಾಟಕದ ಮೊಕದ್ದಮೆಯಿಂದಲೇ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಅವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟು, ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂದಿತು. ಸರ್ಕಾರ ಗುಡಿಯ ಲೆಕ್ಕ ನೋಡಬಹುದು. ಆದರೆ ಸರ್ಕಾರಕ್ಕೆ ತನ್ನದೆಂಬ ಧರ್ಮವಿರಬಾರದು, ಯಾರ ಧರ್ಮವನ್ನೂ ಮೇಲು ಕೀಳು ಮಾಡಬಾರದು. ಮಂತ್ರಿಯ ಪ್ರಮಾಣದಲ್ಲಿರುವ ಒಲವು, ಹಗೆ ಇಲ್ಲದೆ ಎಂಬ ಮಾತಿನ ತಿರುಳೂ ಇದೇ.

ಈಗ ಮೊದಲ ಪ್ರಶ್ನೆಗೆ ಬರೋಣ. ದೇವರ ಹೆಸರಿನಲ್ಲಿ ಎನ್ನುವ ಕಡೆ ಬಸವಣ್ಣ, ಬುದ್ಧ, ಅಜ್ಜಯ್ಯ, ರೈತರು ಎನ್ನಬಹುದೇ?

ಕೇರಳದಲ್ಲಿ ಕೊಡುಂಗಲ್ಲೂರಿನ ಶಾಸಕರೊಬ್ಬರು ಶ್ರೀ ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಮಾಡಿದ್ದರು. ಅದು ನಮೂನೆಗೆ ತಕ್ಕುದಲ್ಲ ಎಂದು ಅಲ್ಲಿನ ಹೈಕೋರ್ಟ್ 2003ರಲ್ಲಿ ಹೇಳಿತು. ನಮ್ಮಲ್ಲಿ 2023ರ ಸಂಪುಟದ ಪ್ರಮಾಣವಚನವನ್ನೇ ಪ್ರಶ್ನಿಸಿ ಬೆಳಗಾವಿ ಕಡೆಯವರೊಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕರ್ನಾಟಕ ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ವಜಾ ಮಾಡಿತು. ಬುದ್ಧ, ಬಸವೇಶ್ವರ, ಅಂಬೇಡ್ಕರ್ ಅವರಂಥವರನ್ನು ಜನ ದೇವರ ಮಟ್ಟಕ್ಕೆ ಏರಿಸಿ ಕಾಣುವುದುಂಟು, ಕನ್ನಡದಲ್ಲಿ ದೈವಾಂಶ ಸಂಭೂತರು ಎಂಬ ಮಾತೇ ಇದೆ ಎಂದು ಪೀಠ ನೆನಪಿಸಿತು. ಕರ್ನಾಟಕದಲ್ಲಿ ಸದ್ಯಕ್ಕೆ ನಿಂತಿರುವ ಮಾತು ಇದು. ದೆಹಲಿಯಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. 2024ರ ಜೂನ್‌ನಲ್ಲಿ ಹದಿನೆಂಟನೇ ಲೋಕಸಭೆಯ ಸದಸ್ಯರು ಪ್ರಮಾಣದ ಜೊತೆ ಬಗೆಬಗೆಯ ಘೋಷಣೆ ಕೂಗಿದ ಮೇಲೆ, ನಮೂನೆಯ ಹಿಂದೆ ಮುಂದೆ ಯಾವ ಮಾತನ್ನೂ ಸೇರಿಸುವಂತಿಲ್ಲ ಎಂದು ಸ್ಪೀಕರ್ ಓಂ ಬಿರ್ಲಾ ತಮ್ಮ ನಿರ್ದೇಶನಗಳನ್ನೇ ತಿದ್ದಿದರು.

ನಮ್ಮ ಹೈಕೋರ್ಟಿನ ಮಾತಿನಲ್ಲಿ ನಾಡಿನ ಮನಸ್ಸನ್ನು ಅರಿತ ಔದಾರ್ಯವಿದೆ. ಸಿದ್ಧಗಂಗಾ ಮಠದಲ್ಲಿ ಉಂಡು, ಅಲ್ಲೇ ಮಲಗಿ, ಓದಿ ಮೇಲೆ ಬಂದ ಒಬ್ಬರು ನಾಳೆ ಶಾಸಕರಾದರೆ ಅವರ ಬಾಯಿಗೆ ಶಿವಕುಮಾರ ಸ್ವಾಮಿಗಳ ಹೆಸರು ಬರುವುದು ಸಹಜ. ಅದಕ್ಕೆ ಅವರ ಅಧಿಕಾರ ಹೋಗಬೇಕು ಎನ್ನುವವನು ನಾನಲ್ಲ. ಆದರೂ ನಮೂನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುವುದೇ ಮೇಲು ಎಂದು ನನಗೆ ಅನಿಸುತ್ತದೆ. ದೇವರು ಎಂಬ ಮಾತಿನೊಳಗೆ ಎಡೆಯೂರಿಗೆ ನಡೆದುಕೊಳ್ಳುವವರೂ, ದರ್ಗಾಕ್ಕೆ ಹೋಗುವವರೂ, ಚರ್ಚಿಗೆ ಹೋಗುವವರೂ ಇದ್ದಾರೆ. ಒಂದು ಮಠದ, ಒಬ್ಬ ಗುರುವಿನ ಹೆಸರು ಬಂದ ಕೂಡಲೇ ಅದು ಕೆಲವರದ್ದಾಗುತ್ತದೆ. ಎಲ್ಲರಿಗೂ ಸಮಾನ ನ್ಯಾಯ ಕೊಡುತ್ತೇನೆ ಎನ್ನುವ ವಾಕ್ಯದಲ್ಲೇ ಕೆಲವರ ಹೆಸರು ಸೇರಿದರೆ, ಬೇರೆ ಮಠದ ಒಕ್ಕಲಿಗೆ, ಯಾವ ಮಠವೂ ಇಲ್ಲದ ಬಡವರಿಗೆ ಒಂದು ಅಳುಕು ಹುಟ್ಟಬಹುದು. ಅಜ್ಜಯ್ಯನ ಮೇಲಿನ ಭಕ್ತಿಯನ್ನು ಪ್ರಶ್ನಿಸುವ ಮಾತಲ್ಲ ಇದು. ಭಕ್ತಿಯನ್ನು ಮನಸ್ಸಿನಲ್ಲಿ ನೆನೆದು, ಬಾಯಲ್ಲಿ ನಮೂನೆಯನ್ನು ಓದಿದರೆ ಯಾರಿಗೂ ನಷ್ಟವಿಲ್ಲ. ಬದುಕಿರುವ ರಾಜಕೀಯ ನಾಯಕರ ಹೆಸರಿನಲ್ಲಿ ಪ್ರಮಾಣ ಮಾಡುವುದನ್ನಂತೂ ನಾನು ಒಪ್ಪಲಾರೆ. ದೈವಾಂಶದ ಸಮರ್ಥನೆ ಅಲ್ಲಿಗೆ ಮುಟ್ಟುವುದಿಲ್ಲ, ನಿಷ್ಠೆ ಸಂವಿಧಾನಕ್ಕೋ ನಾಯಕರಿಗೋ ಎಂಬ ಅನುಮಾನ ಉಳಿಯುತ್ತದೆ.

ಇನ್ನು ಕೋರ್ಟಿನ ವಿಷಯ. ಸಿನಿಮಾದಲ್ಲಿ ಭಗವದ್ಗೀತೆಯ ಮೇಲೆ ಕೈ ಇಡಿಸುತ್ತಾರಲ್ಲ, ನಿಜವಾದ ಕೋರ್ಟಿನಲ್ಲಿ ಹಾಗಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೋರ್ಟುಗಳಲ್ಲಿ ಹಿಂದೂಗಳಿಗೆ ಗಂಗಾಜಲ, ಮುಸ್ಲಿಮರಿಗೆ ಕುರಾನ್ ಹಿಡಿಸಿ ಪ್ರಮಾಣ ಮಾಡಿಸುತ್ತಿದ್ದದ್ದು 1840ರ ಕಾಯ್ದೆಯಿಂದಲೇ ನಿಂತಿತು. 1873ರ ಪ್ರಮಾಣ ಕಾಯ್ದೆ ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟಿತ್ತು. ಎದುರಾಳಿ ಇಂಥ ರೀತಿಯಲ್ಲಿ ಆಣೆ ಮಾಡಿದರೆ ನಾನು ಸೋಲೊಪ್ಪುತ್ತೇನೆ ಎಂದು ಒಬ್ಬ ಕಕ್ಷಿದಾರ ಹೇಳಬಹುದಿತ್ತು. ಎದುರಾಳಿ ಒಪ್ಪಿದರೆ, ಕೋರ್ಟಿನಲ್ಲಿ ಮಾಡಲಾಗದ ಆಣೆಯಾಗಿದ್ದರೆ, ಹೊರಗೆ ಹೋಗಿ ಮಾಡಿಸಿಕೊಂಡು ಬರಲು ನ್ಯಾಯಾಲಯವೇ ಒಬ್ಬರನ್ನು ಕಮಿಷನರ್ ಆಗಿ ನೇಮಿಸಬಹುದಿತ್ತು. ಆಣೆ ಮಾಡಿ ಹೇಳಿದ ಮಾತು, ಸವಾಲು ಹಾಕಿದವನ ಮಟ್ಟಿಗೆ ಅಂತಿಮ. 1969ರ ಹೊಸ ಕಾಯ್ದೆ ಈ ಬಾಗಿಲು ಮುಚ್ಚಿತು. ಊರಿನ ಪಂಚಾಯಿತಿಕಟ್ಟೆಯಲ್ಲಿ ಕರ್ಪೂರ ಹಚ್ಚಿ ಮನೆದೇವರ ಮೇಲೆ ಆಣೆ ಮಾಡಿಸುವುದು ಈಗಲೂ ಉಂಟು. 2011ರ ಜೂನ್ 27ರಂದು ಯಡಿಯೂರಪ್ಪ ಮತ್ತು ಎಚ್.ಡಿ. ಕುಮಾರಸ್ವಾಮಿ ಆಣೆಯ ಸವಾಲು ಹಿಡಿದು ಧರ್ಮಸ್ಥಳಕ್ಕೇ ಹೋಗಿದ್ದರು, ಕೊನೆಗೆ ಇಬ್ಬರೂ ಆಣೆ ಮಾಡದೆ ಬಂದರು. ಇವಕ್ಕೆ ಸಮಾಜದಲ್ಲಿ ಏನೇ ಬೆಲೆ ಇರಲಿ, ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ನೀವು ತುಮಕೂರಿನಲ್ಲೋ ಗುಬ್ಬಿಯಲ್ಲೋ ಸಾಕ್ಷಿಯಾಗಿ ಕಟಕಟೆ ಹತ್ತಿದರೆ ಕೋರ್ಟಿನ ಸಿಬ್ಬಂದಿ ಒಂದು ವಾಕ್ಯ ಹೇಳಿಕೊಡುತ್ತಾರೆ: ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ. ರೂಢಿಯಿಂದ ದೇವರ ಮಾತು ತಾನಾಗಿ ಬಂದುಬಿಡುತ್ತದೆ, ಇನ್ನೊಂದು ಆಯ್ಕೆ ಇದೆ ಎಂದು ಎಲ್ಲ ಕಡೆ ಹೇಳುವುದಿಲ್ಲ. ಹೇಳಬೇಕು. ನಂಬದವರಿಂದ ಬಲವಂತವಾಗಿ ದೇವರ ಹೆಸರು ಹೇಳಿಸಿದರೆ ದೇವರಿಗೂ ಗೌರವವಿಲ್ಲ, ಸತ್ಯಕ್ಕೂ ಬಲ ಬರುವುದಿಲ್ಲ. 1969ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಯಾವ ಸಾಕ್ಷಿಯೂ ಪ್ರಮಾಣದ ಬದಲು ದೃಢೀಕರಣ ಮಾಡಬಹುದು. ಸ್ವಾಮಿ, ನಾನು ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ ಎಂದು ನ್ಯಾಯಾಧೀಶರಿಗೆ ಹೇಳಿದರೆ ಸಾಕು. ಅರ್ಜಿ ಬೇಡ, ಕಾರಣ ಹೇಳುವುದು ಬೇಡ. ಹನ್ನೆರಡು ವರ್ಷದೊಳಗಿನ ಮಗುವಿಗೆ ಸತ್ಯ ಹೇಳಬೇಕೆಂಬ ತಿಳಿವಳಿಕೆ ಇದ್ದು ಪ್ರಮಾಣ ಎಂದರೇನೆಂದು ತಿಳಿಯದಿದ್ದರೆ, ಪ್ರಮಾಣವಿಲ್ಲದೆಯೇ ಹೇಳಿಕೆ ಪಡೆಯಬಹುದು. ದೇವರ ಹೆಸರಿರಲಿ, ಸತ್ಯನಿಷ್ಠೆ ಇರಲಿ, ಸುಳ್ಳು ಸಾಕ್ಷಿಗೆ ಶಿಕ್ಷೆ ಒಂದೇ. ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಂತೆ ನ್ಯಾಯಾಲಯದ ನಡವಳಿಯಲ್ಲಿ ಸುಳ್ಳು ಹೇಳಿದರೆ ಏಳು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ.

ಹೆಚ್ಚು ಜನ ಪ್ರಮಾಣ ಮಾಡುವುದು ಮಾತ್ರ ಕಟಕಟೆಯಲ್ಲೂ ಅಲ್ಲ, ಕೋರ್ಟಿನ ಹೊರಗೆ ಟೈಪಿಂಗ್ ಅಂಗಡಿಯ ಮುಂದೆ ನಿಂತು. ವಂಶವೃಕ್ಷ, ಹೆಸರು ತಿದ್ದುಪಡಿ, ಖಾತೆ ಬದಲಾವಣೆ, ಎಲ್ಲಕ್ಕೂ ಅಫಿಡವಿಟ್ ಕೇಳುತ್ತಾರೆ. ಛಾಪಾ ಕಾಗದದ ಮೊದಲ ಸಾಲಿನಲ್ಲಿ ಪ್ರಮಾಣ ಮಾಡಿ ಹೇಳುವುದೇನೆಂದರೆ ಎಂದು ಟೈಪಾಗಿರುತ್ತದೆ. ಆ ಸಾಲು ಕಟಕಟೆಯ ಮಾತಿನಷ್ಟೇ ಗಟ್ಟಿ. ಒಳಗೆ ಬರೆದದ್ದು ಸುಳ್ಳಾದರೆ ಸಿಕ್ಕಿಬೀಳುವವರು ಟೈಪ್ ಮಾಡಿದವರಲ್ಲ, ಸಹಿ ಹಾಕಿದವರು. ಹಾಗಾಗಿ ಓದಿಸಿಕೊಂಡು ಕೇಳಿ, ಖಾಲಿ ಬಿಟ್ಟ ಜಾಗ ತುಂಬಿಸಿ, ನೋಟರಿಯ ಎದುರಿಗೇ ಸಹಿ ಹಾಕಿ. ಅಲ್ಲಿಯೂ ದೇವರ ಮಾತು ನಿಮಗೆ ಬೇಡವಾದರೆ ಟೈಪ್ ಮಾಡುವ ಮೊದಲೇ ಸತ್ಯನಿಷ್ಠೆಯಿಂದ ದೃಢೀಕರಿಸಿ ಎಂದು ಬರೆಯಲು ಹೇಳಿ.